ನೀನು ಕೇಳಿದ ಕ್ಷಮೆ

ತ್ಸುಕುಬಾ
ಮೇ 18

ಪ್ರೀತಿಯ ಚಿಗುಸಾ,

ಆಶೀರ್ವಾದಗಳು. ನಿನ್ನ ಪತ್ರ ಫೆಬ್ರವರಿಯಲ್ಲೇ ಬಂತು. ಉತ್ತರಕ್ಕೆ ಮೂರು ತಿಂಗಳು ತಡವಾಯಿತು, ಬೇಸರಿಸಬೇಡ. ಕೆಲಸ ಹೆಚ್ಚಿತ್ತು ಎಂದು ಬರೆಯೋಣವೆಂದರೆ, ನಿವೃತ್ತನಾದವನಿಗೆ ಎಂಥ ಕೆಲಸ? ಆಗೀಗ ಯಾವುದಾದರೂ ಶಾಲೆಯವರು ಭಾಷಣಕ್ಕೆ ಕರೆಯುತ್ತಾರೆ. ನಾನು ಬಾಹ್ಯಾಕಾಶದ ಘನತೆ ವರ್ಣಿಸುತ್ತೇನೆ, ಮಕ್ಕಳು ಅಲ್ಲಿನ ಕಕ್ಕಸಿನ ವಿಷಯ ಕೇಳುತ್ತಾರೆ.

ಹೆಣ್ಣು ಮಗುವಾಯಿತೆಂದು ಓದಿ ತುಂಬ ಸಂತೋಷವಾಯಿತು. ಅಜ್ಜಿಯ ಹೆಸರನ್ನೇ, ನನ್ನ ಅಮ್ಮನ ಹೆಸರನ್ನೇ ಇಟ್ಟಿದ್ದೀಯೆ, ಫುಮಿ ಎಂದು. ಹಾಚಿನೋಹೆ ಬಂದರಿನಲ್ಲಿ ಮೂವತ್ತು ವರ್ಷ ಮೀನು ಸೀಳಿ ನನ್ನನ್ನು ಎಂಜಿನಿಯರ್ ಮಾಡಿದವಳು ಅವಳು. ನಿನ್ನ ತಾಯಿ ತೀರಿಕೊಂಡ ಮೇಲೆ ನಿನ್ನನ್ನೂ ಸಾಕಿದಳು. ನಾನು ಗಗನಯಾತ್ರಿಯಾಗಿ ಆಯ್ಕೆಯಾದ ದಿನ ಊರೆಲ್ಲ ಹಾಡಿ ಹೊಗಳಿದರೆ ಅವಳೊಬ್ಬಳು, "ಮನೆ ಸೂರು ಸೋರ್ತಿದೆ, ಏಣಿ ಹತ್ತೋಕೆ ಹೆದರ್ತೀಯ. ನೀನೇನೋ ಆಕಾಶಕ್ಕೆ ಹೋಗೋದು!" ಎಂದು ನಕ್ಕಿದ್ದಳು.

ಹನ್ನೊಂದು ವರ್ಷ ಕೂತು ಆ ಯಂತ್ರದ ತೋಳನ್ನು ರೂಪಿಸಿದ್ದೆ. ಬಾಹ್ಯಾಕಾಶ ನಿಲ್ದಾಣದ ಹೊರಗೆ ಅದನ್ನು ನನ್ನ ಕೈಯಾರೆ ಜೋಡಿಸಬೇಕೆಂಬುದೊಂದೇ ಹಂಬಲ. ಹೊರಡುವ ಮುನ್ನ ಒಂದು ಕಾಗದ ಕೊಟ್ಟರು: ಮನೆಯಲ್ಲಿ ಸಾವಾದರೆ ಮೇಲಿರುವಾಗಲೇ ತಿಳಿಸಬೇಕೋ, ಇಳಿದ ಮೇಲೋ? ಇಳಿದ ಮೇಲೆ ಎಂದು ಗುರುತು ಹಾಕಿ ರುಜು ಮಾಡಿದೆ. ಡಿಸೆಂಬರಿನಲ್ಲಿ ಅಜ್ಜಿ ಹೋದಳು. ಹದಿನಾರು ವರ್ಷದ ನೀನು ಅವಳ ಅಸ್ಥಿ ಆಯ್ದೆ. ಪ್ರತಿ ವಾರ ಪರದೆಯ ಮೇಲೆ ನನ್ನ ಜೊತೆ ನಗುನಗುತ್ತ ಮಾತನಾಡಿದೆ.

ಇಳಿದು ಬಂದ ನಾನು ಮಾಡಿದ್ದೇನು? ಬಂಧುಗಳೆದುರು ಕೂಗಾಡಿದೆ. "ಕಾಗದ ನೋಡ್ಕೊಂಡು ಬಾಯಿ ಮುಚ್ಕೊಂಡಿದ್ಯಾ? ನೀನು ಮಗಳೋ, ಕಚೇರಿ ಗುಮಾಸ್ತಳೋ?" ಎಂದೆ.

"ನಿಮ್ದೇ ರುಜು ಇತ್ತಲ್ಲಪ್ಪಾ," ಎಂದೆ ನೀನು, ಅಷ್ಟೇ. ಶಾಲೆ ಮುಗಿಸಿ ಸಪ್ಪೊರೊಗೆ ಹೋದವಳು ಮತ್ತೆ ಈ ಮನೆಯ ಹೊಸಿಲು ತುಳಿಯಲಿಲ್ಲ. ಹನ್ನೆರಡು ವರ್ಷವಾಯಿತು.

ಈಗ ನೋಡಿದರೆ ನೀನೇ ಬರೆದಿದ್ದೀಯೆ: "ತಪ್ಪು ನಂದೇ ಅಪ್ಪಾ. ಹೇಗಾದ್ರೂ ಮಾಡಿ ನಿಮಗೆ ಹೇಳ್ಬೇಕಿತ್ತು. ಕ್ಷಮಿಸಿಬಿಡಿ." ಆ ಸಾಲು ಓದಿದಾಗಲೆಲ್ಲ ನಾಚಿಕೆಯಾಗಿ ಪತ್ರ ಮಡಚಿಟ್ಟಿದ್ದೇನೆ. ಕ್ಷಮಿಸಿದೆ ಎಂದು ಒಂದು ಮಾತು ಬರೆದರೆ ಸಾಕು, ನೀನು ಮಗುವನ್ನೆತ್ತಿಕೊಂಡು ಬರುತ್ತೀಯೆ. ಎರಡು ಸಲ ಹಾಗೆಯೇ ಬರೆದು ಹರಿದುಹಾಕಿದೆ.

ಬಾಣಂತಿ, ತಣ್ಣೀರಲ್ಲಿ ಕೈಯಾಡಿಸಬೇಡ. ನಿನ್ನ ಗಂಡನಿಗೆ ನನ್ನ ಆಶೀರ್ವಾದ ತಿಳಿಸು. ಮೂವರೂ ನೂರು ಕಾಲ ಚೆನ್ನಾಗಿ ಬಾಳಿ.

ನಿನ್ನ ತಂದೆ,
ಕಾತ್ಸುಹಿಕೊ

ತಾ.ಕ.: ನಾನು ಮೇಲಿದ್ದಾಗ ಬಂದ ಆ ಹೊಸವರ್ಷದ ದಿನ ನೀನು ಪರದೆಯ ಮೇಲೆ ಬಂದಾಗ ನಾನು ಹೊಸವರ್ಷದ ಶುಭಾಶಯ ಹೇಳಿದೆ. ನೀನು ತಿರುಗಿ ಹೇಳಲಿಲ್ಲ. "ಊಟ ಆಯ್ತಾ ಅಪ್ಪಾ?" ಎಂದೆ. ಸಾವಾದ ಮನೆಯವರು ಆ ವರ್ಷ ಆ ಮಾತು ಆಡುವುದಿಲ್ಲವೆಂದು ನಮ್ಮಲ್ಲಿ ಕೂಸಿಗೂ ಗೊತ್ತು. ಚಿಗುಸಾ, ನನಗೆ ಆಗಲೇ ತಿಳಿದುಹೋಯಿತು. ಇನ್ನು ಮೂರು ದಿನಕ್ಕೆ ತೋಳು ಜೋಡಿಸುವ ಕೆಲಸವಿತ್ತು. ತಿಳಿದಿದೆಯೆಂದು ತೋರಿಸಿಕೊಂಡರೆ ನನ್ನ ಬದಲು ಬೇರೆಯವರನ್ನು ಹೊರಗೆ ಕಳಿಸುತ್ತಾರೆಂದು ಹೆದರಿದೆ. ನಿನಗೂ ಅನುಮಾನ ಬಾರದಿರಲೆಂದು, "ಅಜ್ಜಿ ಚೆನ್ನಾಗಿದ್ದಾಳಾ?" ಎಂದು ನಾನಾಗಿಯೇ ಕೇಳಿ, "ಹ್ಞೂಂ ಅಪ್ಪಾ, ಚೆನ್ನಾಗಿದ್ದಾರೆ" ಎಂದು ನಿನ್ನ ಬಾಯಿಂದ ಹೇಳಿಸಿದೆ.