ಅಳಿಸಲಾದ ವಿವರಗಳ ಪಟ್ಟಿ

ಮಾರ್ಚ್ 4, ಮಂಗಳವಾರ

ನಲವತ್ತೊಂದು ಅರ್ಜಿ. ಮೂವತ್ತೆಂಟು ಅಳಿಸಿದೆ. ಉಳಿದ ಮೂರರಲ್ಲಿ ಸಹಿ ಇಲ್ಲ, ವಾಪಸ್. ಪ್ರಿಂಟರ್ ಮತ್ತೆ ಕಾಗದ ಕಚ್ಚಿಕೊಂಡು ಕೂತಿತು. ಹೊರಗೆ ‘ಖಾಸಗಿತನ ರಕ್ಷಣಾ ಇಲಾಖೆ’ ಎಂದು ಬೋರ್ಡು. ಒಳಗೆ ಆರು ಜನ ಬೆನ್ನಿಗೆ ಬೆನ್ನು ತಾಗಿಸಿ ಕೂರುವ ಒಂದೇ ಕೋಣೆ. ಯಾರ ಹೆಂಡತಿ ಫೋನಿನಲ್ಲಿ ಏನೆಂದು ಬೈದಳು, ಎಲ್ಲರಿಗೂ ಗೊತ್ತು.

ಏಳು ದಿನದ ಸಾಹೇಬರು — ಹಿಂದಿನಿಂದ ನಾವು ಕರೆಯುವುದೇ ಹಾಗೆ — ಇವತ್ತೂ ಅದೇ ಮಂತ್ರ ಹೇಳಿದರು. ಹೊಸ ಕಾನೂನು ಬಂದಿದೆಯಲ್ಲ. ಯಾರೇ ಬಂದು ನನ್ನ ವಿಳಾಸ, ಫೋನ್ ನಂಬರ್ ಅಳಿಸಿ ಎಂದರೆ ಏಳು ದಿನದೊಳಗೆ ಎಲ್ಲ ಕಂಪನಿ, ಎಲ್ಲ ಕಚೇರಿಯ ಕಂಪ್ಯೂಟರಿನಿಂದ ಅಳಿಸಬೇಕು. ಅಳಿಸಿದ್ದೇವೆಂದು ಅರ್ಜಿದಾರರಿಗೆ ರಿಜಿಸ್ಟರ್ಡ್ ಪತ್ರ ಕಳಿಸಬೇಕು.

ಆ ಪತ್ರದ ನಮೂನೆ ನನ್ನದೇ. ಹೋದ ವರ್ಷ ನಾಲ್ಕು ದಿನ ಕೂತು ಮಾಡಿದ್ದು. ಏನೇನು ಅಳಿಸಿದೆವು ಎಂಬುದರ ಪಟ್ಟಿ, ದಪ್ಪ ಅಕ್ಷರದಲ್ಲಿ, ಓದಿದವರಿಗೆ ಒಂದೇ ನೋಟಕ್ಕೆ ತಿಳಿಯುವ ಹಾಗೆ. ಪ್ರಶಂಸಾಪತ್ರ ಕೊಟ್ಟರು. ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ. ಯಾಕೆ ಹಾಕಬಾರದು? ಹದಿನೆಂಟು ವರ್ಷದ ಸರ್ವಿಸಿನಲ್ಲಿ ಸಿಕ್ಕಿದ್ದು ಅದೊಂದೇ.

ಮಾರ್ಚ್ 6, ಗುರುವಾರ

ಸಂಜೆ ಅಕ್ಕನ ಮನೆಗೆ ಹೋಗಿದ್ದೆ. ಟೈಲರ್ ಅಂಗಡಿಯ ಮೇಲೆ ಎರಡು ಕೋಣೆ, ಹಸಿರು ಬಾಗಿಲು, ಕಿಟಕಿಯಿಂದ ನೀರಿನ ಟ್ಯಾಂಕು ಕಾಣುತ್ತದೆ. ಗಂಡನನ್ನು ಬಿಟ್ಟು ಬಂದು ಎಂಟು ತಿಂಗಳಾಯಿತು. ಪುಟ್ಟಿ ಈಗ ದೀಪ ಆರಿಸಿ ಮಲಗುತ್ತಾಳಂತೆ. ಅಕ್ಕ ಅದನ್ನು ಹೇಳುವಾಗ ಮಗಳಿಗೆ ಮೊದಲ ಬಹುಮಾನ ಬಂದವಳ ಹಾಗೆ ಹೇಳಿದಳು.

ಆದರೆ ಮುಖದಲ್ಲಿ ಗೆಲುವಿಲ್ಲ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಅವಳದು. ಅಲ್ಲಿದ್ದಾಗ ಫೋನಿಗೆ ಮೆಸೇಜ್ ಬಂದಿದೆ — ‘ನಿಮ್ಮ ಹೊಸ ಬಡಾವಣೆಗೆ ಸ್ವಾಗತ, ಮಂಚದ ಮೇಲೆ ರಿಯಾಯಿತಿ’. ಯಾವುದೋ ಪೀಠೋಪಕರಣದ ಕಂಪನಿ.

“ಮಂಚ ಮಾರೋನಿಗೆ ಗೊತ್ತಾಗಿದೆ ಅಂದ್ರೆ ಅವನಿಗೆ ಗೊತ್ತಾಗೋಕೆ ಎಷ್ಟು ದಿನ ಬೇಕೋ?”

“ಅರ್ಜಿ ಹಾಕಕ್ಕ. ನಮ್ಮ ಆಫೀಸ್ ಇರೋದೇ ಅದಕ್ಕೆ.”

“ಅಳಿಸಿ ಅಂತ ಹೇಳೋಕೆ ಮತ್ತೆ ಎಲ್ಲಾನೂ ಬರೆದುಕೊಡ್ಬೇಕಾ? ಸುಮ್ನಿದ್ರೆ ಆಗಲ್ವಾ?”

ನಕ್ಕುಬಿಟ್ಟೆ. “ನಾನಿದೀನಲ್ಲ” ಅಂದೆ.

ಮಾರ್ಚ್ 7, ಶುಕ್ರವಾರ

ಅಕ್ಕ ಬಂದಳು, ಅರ್ಧ ದಿನ ರಜೆ ಹಾಕಿ. ಸಾಲಿನಲ್ಲಿ ನಿಲ್ಲಿಸದೆ ನೇರ ನನ್ನ ಮೇಜಿಗೇ ಕರೆದುಕೊಂಡೆ. ಈಗಿನ ವಿಳಾಸ, ಫೋನ್, ಕೆಲಸದ ಜಾಗ, ಪುಟ್ಟಿಯ ಶಾಲೆ — ಒಂದನ್ನೂ ಬಿಡದೆ ನಾನೇ ತುಂಬಿದೆ. ಬಿಟ್ಟರೆ ಅದು ಅಳಿಸದೆ ಉಳಿದುಬಿಡುತ್ತದೆ.

‘ಶಾಶ್ವತ ವಿಳಾಸ’ದ ಅಂಕಣ ಖಾಲಿಯಿದ್ದರೆ ಕಂಪ್ಯೂಟರ್ ಮುಂದಕ್ಕೆ ಹೋಗುವುದಿಲ್ಲ. ‘ಗುರುತಿನ ಚೀಟಿಯಲ್ಲಿ ಇರುವಂತೆ’ ಎಂಬಲ್ಲಿ ಟಿಕ್ ಹಾಕಿದೆ. ದಿನಕ್ಕೆ ನಲವತ್ತು ಸಲ ಹಾಕುವ ಟಿಕ್ಕು.

ಏಳುವಾಗ ಅಕ್ಕ ಗೋಡೆಯ ಫ್ರೇಮ್ ನೋಡಿದಳು. “ನಿಂದಾ? ನೋಡು, ಅಮ್ಮ ಇದ್ದಿದ್ರೆ!” ಎಂದಳು. ಇಡೀ ದಿನ ಖುಷಿ.

ಮಾರ್ಚ್ 11, ಮಂಗಳವಾರ

ಅಳಿಸಿದೆ! ಏಳಲ್ಲ, ನಾಲ್ಕೇ ದಿನಕ್ಕೆ. ಅಕ್ಕನ ಫೈಲನ್ನು ಎಲ್ಲರದಕ್ಕಿಂತ ಮುಂದಕ್ಕೆ ನೂಕಿದೆ. ತಪ್ಪೇ, ಆದರೆ ಸ್ವಂತ ಅಕ್ಕ. ಪತ್ರ ಇವತ್ತೇ ಟಪಾಲಿಗೆ ಹೋಯಿತು. ಫೋನ್ ಮಾಡಿ “ನೀನು ಈಗ ಎಲ್ಲೂ ಇಲ್ಲ” ಅಂದೆ. ನಕ್ಕಳು. ಆ ನಗು ಕೇಳಿ ಎಷ್ಟು ಕಾಲವಾಗಿತ್ತೋ.

ಮಾರ್ಚ್ 17, ಸೋಮವಾರ, ಬೆಳಿಗ್ಗೆ 11.20

ಟಪಾಲಿನ ಮೇಡಂ ಸ್ವೀಕೃತಿ ಚೀಟಿಗಳ ಕಟ್ಟು ತಂದಿಟ್ಟರು. ಅಂಚೆಯವರು ಸಹಿ ಹಾಕಿಸಿಕೊಂಡು ವಾಪಸ್ ಕಳಿಸುವ ಚೀಟಿಗಳು. ಒಂದೊಂದಾಗಿ ಫೈಲಿಗೆ ಚುಚ್ಚುತ್ತಿದ್ದೆ. ಅಕ್ಕನ ಹೆಸರು ಬಂತು. ಕೆಳಗೆ ಸಹಿ —

ಅವನದು. ಮದುವೆಯ ದಿನ ನನ್ನ ಪಕ್ಕದಲ್ಲೇ ಕೂತು ಹಾಕಿದ ಸಹಿ, ಬಾಲ ಎಳೆದದ್ದು. ಪತ್ರ ಹೋಗುವುದು ಶಾಶ್ವತ ವಿಳಾಸಕ್ಕೆ. ನಿಯಮ. ಅಕ್ಕನ ಗುರುತಿನ ಚೀಟಿಯಲ್ಲಿ ಇನ್ನೂ ಅವನ ಮನೆ. ಟೈಲರ್ ಅಂಗಡಿ, ಫೋನ್, ಕನ್ನಡಕದಂಗಡಿ, ಶಾಲೆ — ಎಲ್ಲ ಪಟ್ಟಿಯಲ್ಲಿ. ದಪ್ಪ ಅಕ್ಷರದಲ್ಲಿ. ಸಹಿ ಹಾಕಿದ್ದು ಶುಕ್ರವಾರ. ಮೂರು ದಿನ.

ಅಕ್ಕ ಫೋನ್ ತೆಗೆಯುತ್ತಿಲ್ಲ. ಹೊರಟೆ.

ಅದೇ ದಿನ, ಸಂಜೆ 6, ಆಸ್ಪತ್ರೆಯ ಬೆಂಚು

ತಡವಾಯಿತು.

ಅವನು ಇವತ್ತು ಬೆಳಿಗ್ಗೆಯೇ ಬಂದಿದ್ದ. ಅಕ್ಕ ಮಗಳನ್ನು ಶಾಲೆಗೆ ಬಿಡಲು ಹೋದ ಹೊತ್ತು. ಟೈಲರ್ ನನ್ನೆದುರು ಎರಡೂ ಕೈ ಹಿಸುಕಿಕೊಳ್ಳುತ್ತ ನಿಂತಿದ್ದರು.

“ನನಗೇನು ಗೊತ್ತು ಸಾರ್? ಕಾಗದ ತೋರಿಸಿದ್ರು. ಗೌರ್ಮೆಂಟ್ ಸೀಲ್ ಇತ್ತು, ಮನೆ ನಂಬರ್ ಸಮೇತ ಎಲ್ಲಾ ಸರಿಯಾಗಿತ್ತು. ಯಾರೋ ಆಫೀಸಿಂದ ಬಂದಿದಾರೆ ಅಂದ್ಕೊಂಡು, ಅವರು ನನ್ನ ಹತ್ರ ಬಿಟ್ಟು ಹೋಗೋ ಬೀಗದಕೈ ಕೊಟ್ಟೆ.”

ಅಕ್ಕ ಕೆಲಸಕ್ಕೆ ಹೊರಡಲು ಮನೆಗೆ ಬಂದಾಗ ಅವನು ಒಳಗೆ ಕುರ್ಚಿಯಲ್ಲಿ ಕೂತಿದ್ದ. ಕೂಗು ಕೇಳಿ ಟೈಲರ್ ಕತ್ತರಿ ಹಿಡಿದೇ ಮೆಟ್ಟಿಲು ಹತ್ತಿದರಂತೆ, ಅದಕ್ಕೇ ಇಷ್ಟರಲ್ಲಿ ಮುಗಿಯಿತು. ಅಕ್ಕನ ಎಡಗೈ ಮಣಿಕಟ್ಟು ಎರಡು ಕಡೆ ಮುರಿದಿದೆ. ಗಾಜು ಹಿಡಿಯುವ ಕೈ.

ಪುಟ್ಟಿಯನ್ನು ಶಾಲೆಯಿಂದ ನಾನೇ ಕರೆತಂದೆ. “ಅಪ್ಪ ಬಂದಿದ್ರಾ?” ಅಂದಳು, ಅಷ್ಟೇ.

ಮಾರ್ಚ್ 19, ಬುಧವಾರ

ಸಾಹೇಬರ ಕೋಣೆಯಲ್ಲಿ ಇಪ್ಪತ್ತು ನಿಮಿಷ.

“ತುಂಬಾ ಬೇಜಾರಾಯ್ತು ಕಣ್ರೀ. ಆದ್ರೆ ಲೋಪ ಎಲ್ಲಿದೆ ಹೇಳಿ? ಶಾಶ್ವತ ವಿಳಾಸಕ್ಕೆ ಕಳಿಸ್ಬೇಕು, ಕಳಿಸಿದೀವಿ. ಏಳು ದಿನ ಅಂದ್ರೆ ನಾಲ್ಕೇ ದಿನಕ್ಕೆ ಮಾಡಿದೀವಿ.”

“ತನಿಖೆ ಆಗ್ಲಿ ಸಾರ್. ಆ ಫೈಲ್ ತೆಗೆಸಿ.”

“ಯಾವ ಫೈಲು?”

ಹೌದು. ಯಾವ ಫೈಲು? ಅಳಿಸುವುದೆಂದರೆ ಅಳಿಸುವುದು. ಪತ್ರ ಹೋದಮೇಲೆ ನಮ್ಮಲ್ಲೂ ಪ್ರತಿ ಉಳಿಯಬಾರದು — ಕಲಮು ಹನ್ನೆರಡು. ಆ ಕೆಲಸವನ್ನೂ ನಾನೇ ಅಚ್ಚುಕಟ್ಟಾಗಿ ಮಾಡಿದ್ದೇನೆ. ಈಗ ಇಡೀ ರಾಜ್ಯದಲ್ಲಿ ಅಕ್ಕನ ವಿವರವೆಲ್ಲ ಒಟ್ಟಿಗಿರುವುದು ಒಬ್ಬನ ಹತ್ತಿರ ಮಾತ್ರ. ಸರ್ಕಾರ ಮುದ್ರೆ ಒತ್ತಿ ಅವನ ಮನೆಬಾಗಿಲಿಗೆ ಮುಟ್ಟಿಸಿದೆ.

ಗುರುತಿನ ಚೀಟಿಯ ವಿಳಾಸವನ್ನಾದರೂ ಬದಲಾಯಿಸೋಣವೆಂದು ಪಕ್ಕದ ಕಟ್ಟಡಕ್ಕೆ ಹೋದೆ. ಮನೆ ಯಜಮಾನನ ಸಹಿ ಬೇಕಂತೆ. ಯಾರು ಯಜಮಾನ ಎಂದೆ. ಗುಮಾಸ್ತ ಕಂಪ್ಯೂಟರ್ ನೋಡಿ ಅವನ ಹೆಸರು ಓದಿದ.

ಪೊಲೀಸರು ಅವನನ್ನು ಕರೆದರು, ಬರೆಸಿಕೊಂಡರು, ಬಿಟ್ಟರು.

ಫ್ರೇಮ್ ಕಳಚಿದೆ. ಮೊಳೆ ಮಾತ್ರ ಬರಲಿಲ್ಲ.

ಮಾರ್ಚ್ 28, ಶುಕ್ರವಾರ

ಅಕ್ಕ ಮನೆ ಬದಲಾಯಿಸುತ್ತಾಳೆ. ಊರನ್ನೂ. ಎರಡು ಪೆಟ್ಟಿಗೆ, ಒಂದು ಹೊಲಿಗೆ ಹಾಕಿದ ಚೀಲ. ಟೈಲರ್ ಕೊಟ್ಟ ಚೀಲ, ಹಣ ಮುಟ್ಟಲಿಲ್ಲವಂತೆ. ಪ್ಲಾಸ್ಟರ್ ಹಾಕಿದ ಕೈಯಲ್ಲಿ ಹಗ್ಗ ಬಿಗಿಯಲು ಒದ್ದಾಡುತ್ತಿದ್ದಳು. ನಾನು ಬಿಗಿದುಕೊಟ್ಟೆ.

“ಎಲ್ಲಿಗೆ ಅಕ್ಕ?”

“ನಿನಗೂ ಹೇಳಲ್ಲ.”

“ಕೋಪಾನಾ?”

“ಕೋಪಾನೂ ಇದೆ. ಇಲ್ಲ ಅಂದ್ರೆ ಸುಳ್ಳಾಗತ್ತೆ.” ಹಗ್ಗದ ಗಂಟು ಎಳೆದು ನೋಡಿ, “ನೀನು ಬೇಕಂತ ಮಾಡಿಲ್ಲ, ಗೊತ್ತು ಕಣೋ. ಆದ್ರೆ ನೀನು ಎಲ್ಲಾನೂ ಬರೀತೀಯ. ಚಿಕ್ಕೋನಿದ್ದಾಗಿಂದ ಹಾಗೇ” ಎಂದಳು.

ಬಸ್ ನಿಲ್ದಾಣದ ತನಕವೂ ಬರಬೇಡ ಎಂದಳು. ತಿರುವಿನಲ್ಲಿ ನಿಂತೆ. ಪುಟ್ಟಿ ತಿರುಗಿ ತಿರುಗಿ ನೋಡಿದಳು. ಅಕ್ಕ ನೋಡಲಿಲ್ಲ.

ಏಪ್ರಿಲ್ 13, ಭಾನುವಾರ

ಹದಿನಾರು ದಿನ ಬರೆಯಲಿಲ್ಲ. ದಿನಕ್ಕೆ ನಲವತ್ತು ಅಳಿಸುತ್ತಿದ್ದೇನೆ, ಇನ್ನೇನು. ನಮೂನೆ ಬದಲಾಯಿಸಿ ಎಂದು ಮೂರು ಸಲ ಟಿಪ್ಪಣಿ ಮಂಡಿಸಿದೆ. ‘ಪರಿಶೀಲಿಸಲಾಗುವುದು’. ಅಲ್ಲಿತನಕ ಶಾಶ್ವತ ವಿಳಾಸ ಬರೆಯುವ ಹೆಂಗಸರನ್ನೆಲ್ಲ ಪಕ್ಕಕ್ಕೆ ಕರೆದು, ಆ ಮನೆಯಲ್ಲಿ ಯಾರಿದ್ದಾರೆ ಎಂದು ಕೇಳುತ್ತೇನೆ. ಖಾಸಗಿ ಪ್ರಶ್ನೆ ಕೇಳುತ್ತಾನೆಂದು ಒಬ್ಬಾಕೆ ನನ್ನ ಮೇಲೆ ದೂರು ಕೊಟ್ಟಿದ್ದಾಳೆ. ಸರಿಯಾಗಿಯೇ ಇದೆ ದೂರು.

ಮಾರ್ಚ್ ಆರರ ಪುಟ ತಿರುವಿ ನೋಡಿದೆ. ಹಸಿರು ಬಾಗಿಲು, ನೀರಿನ ಟ್ಯಾಂಕು. ಬರೆ ಎಂದು ಯಾರು ಕೇಳಿದ್ದರು ನನ್ನನ್ನು?

ಮಧ್ಯಾಹ್ನ ಫೋನ್. ಗೊತ್ತಿಲ್ಲದ ನಂಬರ್, ಯಾವುದೋ ಅಂಗಡಿಯದಿರಬೇಕು. ಪುಟ್ಟಿ!

“ಮಾವ, ನಾನು ಮತ್ತೆ ದೀಪ ಆರಿಸಿ ಮಲಗ್ತೀನಿ!”

ಒಂದೇ ಉಸಿರಿಗೆ ಎಲ್ಲ ಹೇಳಿದಳು. ಅಮ್ಮನ ಕೈಯ ಪ್ಲಾಸ್ಟರ್ ಬಿಚ್ಚಿದರಂತೆ. ಹೊಸ ಶಾಲೆಯಲ್ಲಿ ಗೆಳತಿ ಸಿಕ್ಕಿದ್ದಾಳಂತೆ.

“ನಮ್ಮ ಕಿಟಕಿಯಿಂದ ಏನು ಕಾಣತ್ತೆ ಗೊತ್ತಾ ಮಾವ?” ಹಿಂದಿನಿಂದ ಅಕ್ಕನ ದನಿ — “ಏಯ್, ಸಾಕು, ಇಡು!” ಅಷ್ಟರಲ್ಲಿ ಹೇಳಿಯೇಬಿಟ್ಟಳು.

ಆಮೇಲಿಂದ ಅದೇ ಕಣ್ಣ ಮುಂದೆ. ಎಷ್ಟು ಚೆಂದದ ಜಾಗ. ಅಕ್ಕ ಬೆಳಿಗ್ಗೆ ಎದ್ದು ಮೊದಲು ನೋಡುವುದು ಅದನ್ನೇ ಇರಬೇಕು. ಅವರ ಕಿಟಕಿಯಿಂದ ಕಾಣುವುದು —