ಊಹೆ ಮಾಡುವ ಎಡಿಟರ್

ಮಾರ್ಚ್ 4, ಸೋಮವಾರ

ಮತ್ತೆ ಪೀಠಿಕೆ. ಆಫೀಸಿನ ಯಜಮಾನರಿಗೆ ಏನೋ ಪ್ರಶಸ್ತಿ ಬಂದಿದೆ. ಅದರ ವರ್ಣನೆ ಇಂಗ್ಲಿಷಿನಲ್ಲಿ ನಮ್ಮ ಆ್ಯಪ್ ಕಟ್ಟುವ ಪ್ರತಿಯೊಂದು ಸೋರ್ಸ್ ಫೈಲಿನ ತಲೆಯ ಮೇಲೂ ಕೂರಬೇಕಂತೆ. ಕಂಪ್ಯೂಟರ್ ಓದುವುದಿಲ್ಲ, ನಾವೂ ಓದುವುದಿಲ್ಲ. ಅಂಟಿಸಿದ್ದಾಯಿತು. ಈಗ ಪುಟಗಟ್ಟಲೆ ಇಳಿದ ಮೇಲೆ ಮೊದಲ ಕನ್ನಡ ಪದ.

ಮನೆಗೆ ಬಂದಾಗ ಅತ್ತೆ ಟ್ಯಾಬ್ ಹಿಡಿದು ಕೂತಿದ್ದರು. ಸ್ಟ್ರೋಕ್ ಆಗಿ ಮಾತು ಹೋದಮೇಲೆ ಅದೇ ಕೆಲಸ — ನಮ್ಮ ಆಫೀಸಿನ ಆ್ಯಪ್‌ನಲ್ಲಿ ಚಿತ್ರ ನೋಡುವುದು, ಕೆಳಗಿನ ಪದ ಓದುವುದು, ಬಾಯಿ ಆಡಿಸುವುದು. ಇವತ್ತು "ನೀ...ರು" ಬಂತು! ಮೊದಲೆಲ್ಲ ಇವರ ಬಾಯಿಗೆ ಹೆದರುತ್ತಿದ್ದೆ. ನಾನು ಒಳಗೆ ಬಂದರೆ ಸಾಕು, "ಬಾಗಿಲು! ಬಾಗಿಲು ಹಾಕೋಕೆ ಬೇರೆ ಆಳಿಡ್ಲಾ?" ಈಗ ಬಾಗಿಲು ಹಾರುಹೊಡೆದಿದ್ದರೂ ಕೇಳುವವರಿಲ್ಲ.

ಮಾರ್ಚ್ 6, ಬುಧವಾರ, ಸಂಜೆ

ತಲೆ ಸಿಡಿಯುತ್ತಿದೆ. ಆ್ಯಪ್ ಅಪ್‌ಡೇಟ್ ಆಯಿತು. ಅತ್ತೆ ತೆರೆದರು. ಲೋಟದ ಚಿತ್ರ, ಅದರ ಕೆಳಗೆ — à²¨à³€à²°à³?

ಕಣ್ಣುಜ್ಜಿಕೊಂಡು ಮತ್ತೆ ನೋಡಿದರು. ಆಮೇಲೆ ತಮ್ಮ ಹಣೆಯನ್ನು ಬೆರಳಿನಿಂದ ತಟ್ಟಿ ನನ್ನ ಮುಖ ನೋಡಿದರು. ಓದುವುದೂ ಹೋಯಿತು ಅಂದುಕೊಂಡಿದ್ದಾರೆ.

"ನಿಮ್ಮ ತಲೆ ಸರಿಯಾಗಿದೆ ಅತ್ತೆ. ಕೆಟ್ಟಿರೋದು ನಮ್ಮ ಫೈಲು."

ನಂಬಲಿಲ್ಲ. ಟ್ಯಾಬ್ ಕವುಚಿ ಹಾಕಿ ಗೋಡೆಗೆ ತಿರುಗಿ ಮಲಗಿದರು.

ಮಾರ್ಚ್ 7, ಆಫೀಸು

ಸಿಕ್ಕಿತು. ಫೈಲು ತಿದ್ದಲು ಬಳಸುವ ನಮ್ಮ ಎಡಿಟರ್ ತಂತ್ರಾಂಶ ಫೈಲಿನ ಮೊದಲ ತುಣುಕಷ್ಟೇ ನೋಡಿ ಎನ್‌ಕೋಡಿಂಗ್ — ಅಕ್ಷರಗಳನ್ನು ಅಂಕಿಗಳಲ್ಲಿ ಬರೆದಿಡುವ ಪದ್ಧತಿ — ಯಾವುದೆಂದು ಊಹಿಸುತ್ತದೆ. ಮೊದಲು ಆ ತುಣುಕಿನಲ್ಲೇ ಕನ್ನಡ ಸಿಗುತ್ತಿತ್ತು, ಊಹೆ ಸರಿಹೋಗುತ್ತಿತ್ತು. ಈಗ ಅಲ್ಲಿ ಬರೀ ಪ್ರಶಸ್ತಿ! ಇಂಗ್ಲಿಷ್ ಮಾತ್ರ ಕಂಡು ಯಾವುದೋ ಹಳೇ ಎನ್‌ಕೋಡಿಂಗ್ ಎಂದು ತೀರ್ಮಾನಿಸಿ, ಕೆಳಗಿನ ಕನ್ನಡವನ್ನೆಲ್ಲ ಕಸ ಮಾಡಿದೆ. ನಿನ್ನೆ ಯಜಮಾನರು ಪೀಠಿಕೆಗೆ ಒಂದು ಕಾಮಾ ಸೇರಿಸಿ, ಕೆಳಗೆ ಕಣ್ಣು ಹಾಯಿಸದೆ ಸೇವ್ ಒತ್ತಿದ್ದಾರೆ. ಕಾಮಾ!

"ಸಾರ್, ಡೀಫಾಲ್ಟ್ ಬದಲಾಯಿಸೋಣ. ಊಹೆನೇ ಬೇಡ. ಎಲ್ಲಾನೂ ಕನ್ನಡ ಸರಿಯಾಗಿ ತೋರಿಸೋ ಯುಟಿಎಫ್-8 ಅಂತಾನೇ ತೆರೀಲಿ."

"ಹಳೇ ಎನ್‌ಕೋಡಿಂಗಿನಲ್ಲಿರೋ ಗಿರಾಕಿಗಳ ಫೈಲು ಕೆಡ್ತವಲ್ಲಮ್ಮ? ಇಷ್ಟು ವರ್ಷ ನಡೀತಿರ್ಲಿಲ್ವಾ?"

"ಅವಕ್ಕೆ ಬೇರೆ ಫೋಲ್ಡರ್, ಬೇರೆ ಸೆಟ್ಟಿಂಗ್ ಇಡ್ತೀನಿ."

"ಮುಂದಿನ ತಿಂಗಳು ನೋಡೋಣ ಬಿಡು."

ಗೋಡೆಗೆ ಹೇಳಿದ್ದರೆ ವಾಸಿಯಿತ್ತು. ಹಳೇ ಪ್ರತಿಯಿಂದ ಪದಗಳನ್ನು ವಾಪಸ್ ತಂದು ಹಾಕಿದೆ.

ಮಾರ್ಚ್ 8, ಶುಕ್ರವಾರ

ಬೆಳಿಗ್ಗೆ ನನ್ನ ಗಂಡ ಅಮ್ಮನನ್ನು ಪುಸಲಾಯಿಸಿ ಟ್ಯಾಬ್ ಮುಂದೆ ಕೂರಿಸಿದರು. ತೆರೆದರೆ — ಮತ್ತೆ ಕಸ. ನಿನ್ನೆ ನಾನು ಹೊರಟ ಮೇಲೆ ಯಜಮಾನರು ಕಾಮಾ ತೆಗೆದು ಮತ್ತೆ ಸೇವ್ ಒತ್ತಿದರಂತೆ. ಮೊದಲೇ ಚೆನ್ನಾಗಿತ್ತಂತೆ!!

ಅತ್ತೆ ಸದ್ದಿಲ್ಲದೆ ಕಣ್ಣೀರು ಹಾಕಿದರು. ನನಗೆ ಮೈಯೆಲ್ಲ ಉರಿಯಿತು. ಆಫೀಸಿಗೆ ಹೋದವಳೇ ಯಾರನ್ನೂ ಕೇಳದೆ ಎಲ್ಲ ಕಂಪ್ಯೂಟರಿನಲ್ಲೂ ಡೀಫಾಲ್ಟ್ ಬದಲಾಯಿಸಿದೆ. ಯಜಮಾನರದ್ದೂ ಸೇರಿ. ಪದಗಳನ್ನು ಮತ್ತೆ ಹಳೇ ಪ್ರತಿಯಿಂದ ತಂದು ಹಾಕಿದೆ.

"ನನ್ ಕಂಪ್ಯೂಟರ್ ಮುಟ್ಟಿದ್ಯಾರು?"

"ನಾನೇ ಸಾರ್. ಕೆಲ್ಸದಿಂದ ತೆಗೀತೀರಾ, ತೆಗೀರಿ. ನಮ್ಮತ್ತೆ ತಮಗೆ ಬುದ್ಧಿನೇ ಹೋಯ್ತು ಅಂತ ಅಳ್ತಾ ಕೂತಿದ್ದಾರೆ, ನಿಮ್ಮ ಒಂದು ಕಾಮಾದಿಂದ."

ಮುಖ ಸಣ್ಣದಾಯಿತು. ಕನ್ನಡಕ ತೆಗೆದು ಒರೆಸಿದರು.

"ಹಳೇ ಫೈಲು?"

"ಬೇರೆ ಫೋಲ್ಡರಲ್ಲಿ ಭದ್ರವಾಗಿವೆ."

"ಸರಿ, ಹಂಗೇ ಇರ್ಲಿ." ಬಾಗಿಲವರೆಗೆ ಹೋಗಿ ತಿರುಗಿದರು. "ಪೀಠಿಕೆ ಮಾತ್ರ ಮುಟ್ಬೇಡ."

ದೇವರೇ.

ಮಾರ್ಚ್ 19, ಮಂಗಳವಾರ

ಅಲ್ಲಿಂದ ಈಚೆಗೆ ಒಂದು ಪದವೂ ಕೆಟ್ಟಿಲ್ಲ. ಅತ್ತೆ ಮಾತ್ರ ಟ್ಯಾಬ್ ಮುಟ್ಟುತ್ತಿಲ್ಲ. ತೋರಿಸಿದರೆ ಕಣ್ಣು ಮುಚ್ಚುತ್ತಾರೆ. "ನೀರು" ಕೂಡ ನಿಂತುಹೋಯಿತು. ಫೈಲಿಗೆ ಹಳೇ ಪ್ರತಿ ಇತ್ತು, ಇವರ ಧೈರ್ಯಕ್ಕೆ ಎಲ್ಲಿಂದ ತರಲಿ? ಸಾಕಾಗಿದೆ.

ಮಾರ್ಚ್ 22

ನಿನ್ನೆ ರಾತ್ರಿಯಷ್ಟೇ ತುಂಬಿಸಿಟ್ಟಿದ್ದ ಟ್ಯಾಬ್ ಚಾರ್ಜ್ ಪೂರ್ತಿ ಖಾಲಿ. ಗಂಡನನ್ನು ಕೇಳಿದೆ. "ನಾನಲ್ಲಪ್ಪ!" ಅಂದರು. ಮತ್ತಿನ್ಯಾರು...

ಮಾರ್ಚ್ 23, ಶನಿವಾರ, ಸಂಜೆ

ಎರಡು ಕೈಯಲ್ಲೂ ಚೀಲ, ಮೈಯೆಲ್ಲ ಬೆವರು. ಬಂದು ಕೂತು ಇದನ್ನು ಬರೆಯುತ್ತಿದ್ದೇನೆ. ಯಜಮಾನರಿಗೆ ಇನ್ನೊಂದು ಪ್ರಶಸ್ತಿಯಂತೆ. ಪೀಠಿಕೆ ಇನ್ನೂ —

ಒಳಕೋಣೆಯಿಂದ ಏನೋ ಸದ್ದು. ಅತ್ತೆ. "ಬಾ... ಬಾಗ್..."

ಮತ್ತೆ. ಈ ಸಲ ಜೋರಾಗಿ, ಸಿಟ್ಟಿನಿಂದ. "ಬಾಗಿ...ಲು!"

ಹೌದು, ಬೀದಿ ಬಾಗಿಲು ಹಾರುಹೊಡೆದಿದೆ. ನಾನೇ ಬಿಟ್ಟು ಬಂದದ್ದು. ಹಾಕುವುದಿಲ್ಲ. ಇನ್ನೊಂದು ಸಲ ಬಯ್ಯಲಿ, ಆಮೇಲೆ ಹಾಕುತ್ತೇನೆ.