ಖಲಫನ ನಕ್ಷತ್ರದ ಪುಸ್ತಕ

ಕಾರ್ಡೊಬಾ,
ರಜಬ್ ತಿಂಗಳ ಹನ್ನೊಂದು

ಪ್ರೀತಿಯ ಸುಆದ್‌ಗೆ ಬಹ್ಜಾಳ ಸಲಾಂ.

ನಿನ್ನ ಮೂರು ಪತ್ರಗಳೂ ಕೈಸೇರಿವೆ. ಉತ್ತರ ಬರೆಯದ್ದಕ್ಕೆ ಕಣ್ಣುನೋವು, ಕೆಲಸ ಎಂದು ಬೇರೆಯವರಿಗಾದರೆ ನೆಪ ಹೇಳುತ್ತಿದ್ದೆ. ನಿನ್ನ ಹತ್ತಿರ ಅದು ನಡೆಯುವುದಿಲ್ಲ. ಹೆದರಿ ಸುಮ್ಮನಿದ್ದೆ, ಅಷ್ಟೆ. ನಿನ್ನ ಗಂಡ ಖಲಫ್ ಬರೆದ ಪುಸ್ತಕವನ್ನು ಮಗನಿಗಾಗಿ ನಕಲು ಮಾಡಿ ಕಳಿಸು ಎಂದು ನೀನು ಕೇಳಿದ್ದೆ. ಅದು ಇನ್ನು ಆಗುವುದಿಲ್ಲ ಸುಆದ್. ಪುಸ್ತಕ ಸುಟ್ಟುಹೋಯಿತು. ಬೇರೆ ಪ್ರತಿ ಎಲ್ಲೂ ಇಲ್ಲವೆಂದು ನಿನಗೂ ಗೊತ್ತು.

ಹಳೆಯ ಖಲೀಫರು ಒಂದು ಪುಸ್ತಕಕ್ಕಾಗಿ ಬಾಗ್ದಾದಿನವರೆಗೆ ಆಳು ಕಳಿಸುತ್ತಿದ್ದವರು. ಅದನ್ನೇ ನಂಬಿ, ಖಲಫ್ ತೀರಿಕೊಂಡಾಗ "ಮನೇಲಿಟ್ರೆ ಇಲಿ ತಿನ್ನುತ್ತೆ ಕಣೇ, ಅರಮನೇಲಿರಲಿ ಕೊಡು" ಎಂದು ನಿನ್ನಿಂದ ತಂದವಳು ನಾನೇ. ಈಗ ಪೀಠದ ಮೇಲೆ ಅವರ ಎಳೆಯ ಮಗ, ಅವನ ಹೆಸರಿನಲ್ಲಿ ಆಳುವವರು ಬೇರೆ. ಅವರಿಗೆ ಧರ್ಮಪಂಡಿತರ ಬೆಂಬಲ ಬೇಕಾಗಿತ್ತು. ಅದಕ್ಕೆ ಆ ಪಂಡಿತರು ಧರ್ಮಕ್ಕೆ ವಿರುದ್ಧ ಎನ್ನುವ ನಕ್ಷತ್ರದ ಪುಸ್ತಕಗಳನ್ನೂ ತರ್ಕದ ಪುಸ್ತಕಗಳನ್ನೂ ಬಲಿಕೊಟ್ಟರು.

ಪಂಡಿತರು ಅಂಗಳದಲ್ಲಿ ಎರಡು ಗುಡ್ಡೆ ಮಾಡಿಸಿದರು: ಉಳಿಸುವುದೊಂದು, ಸುಡುವುದೊಂದು. ಅರಮನೆಯ ಪುಸ್ತಕ ಭಂಡಾರದಲ್ಲಿ ನಕಲು ಬರೆಯುವ ನಾವು ಹೆಂಗಸರೇ ಕಪಾಟುಗಳಿಂದ ಹೊತ್ತು ತಂದೆವು. ನನ್ನ ಪಕ್ಕ ಕೂತು ಬರೆಯುವ ತುರ್ಫಾ, "ಓದಿದ್ರೆ ತಾನೇ ಗೊತ್ತಾಗೋದು? ರಟ್ಟು ಮೂಸಿ ನೋಡ್ತಿದಾರಲ್ಲೇ!" ಎಂದು ಕಿವಿಯಲ್ಲಿ ಪಿಸುಗುಟ್ಟಿದಳು. ನನಗೆ ನಗು ಬಂತು. ಆಮೇಲೆ ಬೆಂಕಿ ಹಚ್ಚಿದರು. ತೊಗಲಿನ ಹಾಳೆಗಳು ಸುಟ್ಟಾಗ ಮಾಂಸ ಸುಟ್ಟ ವಾಸನೆಯೇ ಬರುತ್ತದೆ. ಅಂದಿನಿಂದ ನನಗೆ ಊಟ ಸೇರುತ್ತಿಲ್ಲ.

ನಿನ್ನ ಮಗನಿಗೆ ನನ್ನ ಆಶೀರ್ವಾದ ತಿಳಿಸು. ಅಪ್ಪನ ಬುದ್ಧಿ ಅವನಿಗೆ ಬರಲಿ, ಅಪ್ಪನಿಗಿಂತ ಹೆಚ್ಚು ಆಯುಷ್ಯವನ್ನು ದೇವರು ಕೊಡಲಿ.

ನಿನ್ನ,
ಬಹ್ಜಾ

ಇದು ಮರೆತು ಉಳಿದದ್ದಲ್ಲ, ಮೇಲೆ ಬರೆಯಲು ಧೈರ್ಯವಾಗದೆ ಬಿಟ್ಟದ್ದು. ಖಲಫನ ಪುಸ್ತಕದ ಮೊದಲ ಹಾಳೆಗಳಲ್ಲಿ ನಮಾಜಿನ ಹೊತ್ತುಗಳ ಪಟ್ಟಿಯಿತ್ತಲ್ಲ, ಅದನ್ನಷ್ಟೇ ನೋಡಿ ಹಿರಿಯ ಪಂಡಿತರು ಅದನ್ನು ಉಳಿಸುವ ಗುಡ್ಡೆಗೆ ಇಟ್ಟಿದ್ದರು. ಇಪ್ಪತ್ತು ವರ್ಷ ಮೂಲದ ಜೊತೆ ನಕಲನ್ನು ಹೋಲಿಸಿ ಓದಿ, ತಪ್ಪು ಕಂಡಲ್ಲಿ ತಿದ್ದಿದ ಬಾಯಿ ನನ್ನದು. "ಅಲ್ಲ ಶೇಖ್‌ರೇ, ಅದು ಆ ಕಡೆಯದಲ್ಲ, ನಕ್ಷತ್ರದ್ದು" ಅಂದುಬಿಟ್ಟೆ.

"ಒಳ್ಳೇದಾಯ್ತಮ್ಮ ಹೇಳಿದ್ದು. ತಗೋ, ನೀನೇ ಹಾಕು" ಎಂದು ನನ್ನ ಕೈಗೆ ಕೊಟ್ಟರು.

ಹಾಕಿದೆ.